ವಿಮಾನಚಾಲಕರಲ್ಲಿ ಸತೀರ್ಥಬೋಧೆ

ವಿದ್ಯೆಯು ಗುರುಮುಖದಿಂದಲೇ ಬರಬೇಕೆಂಬುದು ಭರತಖಂಡದ ಬಹುಪ್ರಾಚೀನವಾದ ನಿಲುವು. ಆದರೆ ಅದೇ ಸಂಪ್ರದಾಯವು ಇನ್ನೊಂದು ವಿಷಯವನ್ನೂ ಮರೆತಿಲ್ಲ. ವಿದ್ಯಾರ್ಥಿಯು ಪಡೆಯುವ ವಿದ್ಯೆಯಲ್ಲಿ ಗುರುವಿನ ಪಾಲು ಕಾಲುಭಾಗ ಮಾತ್ರವೆಂದೂ, ಉಳಿದ ಮೂರು ಪಾಲುಗಳು ಸ್ವಬುದ್ಧಿಯಿಂದಲೂ ಜೊತೆಯಲ್ಲಿ ಓದುವವರಿಂದಲೂ ಕಾಲಪರಿಪಾಕದಿಂದಲೂ ಒದಗತಕ್ಕವೆಂದೂ ಸಂಸ್ಕೃತ ಪಾಠಶಾಲೆಗಳಲ್ಲಿ ವಾಡಿಕೆಯಾಗಿ ಹೇಳುವುದುಂಟು. ಈ ನಾಲ್ಕರಲ್ಲಿ ಗುರುವಿನ ಪಾಲನ್ನು ಕುರಿತು ವಿಸ್ತಾರವಾದ ಗ್ರಂಥಗಳಿವೆ. ಸ್ವಬುದ್ಧಿಯನ್ನು ಕುರಿತು ಸುಭಾಷಿತಗಳು ಹೇರಳವಾಗಿವೆ. ಜೊತೆಗಾರರ ಪಾಲನ್ನು ಕುರಿತ ವಿಚಾರವು ಮಾತ್ರ ವಿರಳ. ಅದಕ್ಕೆ ತಕ್ಕ ನಿದರ್ಶನವೊಂದು, ಸಾಹಿತ್ಯಾಭ್ಯಾಸಿಗಳ ಕಣ್ಣು ಸಾಮಾನ್ಯವಾಗಿ ಹಾಯದ ಒಂದು ವೃತ್ತಿಯಲ್ಲಿ, ಎಂದರೆ ಪ್ರಯಾಣಿಕ ವಿಮಾನಗಳನ್ನು ನಡೆಸುವವರ ವೃತ್ತಿಯಲ್ಲಿ, ದೊರೆಯುತ್ತದೆ. ಅಲ್ಲಿ ಸಮಾನರು ಸಮಾನರಿಗೆ ಕಲಿಸುವ ಪದ್ಧತಿಯು ಬಹುಜನರ ಪ್ರಾಣಹಾನಿಯಾದ ಮೇಲೆ, ಆ ಹಾನಿಯ ಕಾರಣವನ್ನು ಹುಡುಕುತ್ತ ಹೋದವರಿಂದ ರೂಪುಗೊಂಡಿತು. ಆದುದರಿಂದ ಅದರ ಹೆಸರು, ಹುಟ್ಟು, ನಿಯಮ, ಮಿತಿ ಇವುಗಳನ್ನು ಕ್ರಮವಾಗಿ ವಿಚಾರಿಸುವುದು ಅಧ್ಯಾಪಕವರ್ಗಕ್ಕೆ ನಿಷ್ಪ್ರಯೋಜನವಾಗಲಾರದು.

೧. ಶಬ್ದವಿಚಾರ

ಇಂತಹ ಬೋಧಕನಿಗೆ ಇಂಗ್ಲಿಷಿನಲ್ಲಿ ಮೆಂಟರ್ ಎಂಬ ಹೆಸರು ಸಂದಿದೆ. ಅದು ಮೂಲತಃ ಒಬ್ಬ ವ್ಯಕ್ತಿಯ ಅಂಕಿತನಾಮ. ಗ್ರೀಕ್ ಮಹಾಕವಿಯಾದ ಹೋಮರನ ಒಡಿಸ್ಸಿ ಕಾವ್ಯದಲ್ಲಿ ಒಡಿಸ್ಯೂಸನು ಟ್ರಾಯ್ ಯುದ್ಧಕ್ಕೆ ಹೊರಡುವಾಗ ತನ್ನ ಮನೆವಾರ್ತೆಯನ್ನು ಮೆಂಟರನೆಂಬ ಗೆಳೆಯನಿಗೆ ಒಪ್ಪಿಸಿರುತ್ತಾನೆ. ಮುಂದೆ ಅಥೀನಾ ದೇವಿಯು ಆ ಮೆಂಟರನ ರೂಪವನ್ನು ತಾಳಿ ಒಡಿಸ್ಯೂಸನ ಮಗನಾದ ಟೆಲಿಮ್ಯಾಕಸನಿಗೆ ದಾರಿ ತೋರಿಸುತ್ತಾಳೆ. ೧೬೯೯ರಲ್ಲಿ ಫ್ರಾನ್ಸ್ ದೇಶದ ಫೆನೆಲೋನನು ಇದೇ ಕಥೆಯನ್ನು ಬೆಳಸಿ ಬರೆದ ಗ್ರಂಥವು ಪ್ರಕಟವಾದ ಮೇಲೆ ಯೂರೋಪಿನ ಭಾಷೆಗಳಲ್ಲಿ ಆ ಅಂಕಿತನಾಮವು ರೂಢನಾಮವಾಗಿ ಪರಿಣಮಿಸಿತು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೆಂಟರನು ಟೆಲಿಮ್ಯಾಕಸನಿಗೆ ತಂದೆಯಲ್ಲ, ದೊರೆಯೂ ಅಲ್ಲ. ಅವನನ್ನು ದಂಡಿಸುವ ಅಧಿಕಾರ ಇವನಿಗಿಲ್ಲ. ಹಿತವನ್ನು ಹೇಳುವ ಸಲಿಗೆ ಮಾತ್ರ ಇದೆ.

ಸಂಸ್ಕೃತದಲ್ಲಿ ಬೋಧಕವಾಚಕಗಳಾದ ಶಬ್ದಗಳಿಗೆ ಕೊರತೆಯಿಲ್ಲ. ಉಪನಯನವನ್ನು ಮಾಡಿಸಿ ಕಲ್ಪರಹಸ್ಯಗಳೊಡನೆ ವೇದವನ್ನು ಕಲಿಸುವವನು ಆಚಾರ್ಯನೆಂದೂ, ಜೀವನೋಪಾಯಕ್ಕಾಗಿ ವೇದದ ಒಂದು ಭಾಗವನ್ನೋ ವೇದಾಂಗಗಳನ್ನೋ ಹೇಳಿಕೊಡುವವನು ಉಪಾಧ್ಯಾಯನೆಂದೂ ಮನುಸ್ಮೃತಿಯು ಭೇದವನ್ನು ಮಾಡಿದೆ. ಇಬ್ಬರೂ ಶಿಷ್ಯನಿಗಿಂತ ಮೇಲಿನ ಆಸನದಲ್ಲಿರತಕ್ಕವರು. ಸಮಾನಾಸನದಲ್ಲಿರುವವರನ್ನು ಸೂಚಿಸುವುದಕ್ಕೆ ಸಬ್ರಹ್ಮಚಾರಿ, ಸತೀರ್ಥ್ಯ ಎಂಬ ಶಬ್ದಗಳುಂಟು. ಇವೆರಡರ ಸಿದ್ಧಿಯನ್ನೂ ಪಾಣಿನಿಯು ಹೇಳಿರುತ್ತಾನೆ. ಸತೀರ್ಥ್ಯನೆಂದರೆ ಒಬ್ಬನೇ ಗುರುವಿನ ಬಳಿ ವಾಸಿಸಿದವನು. ಕನ್ನಡದಲ್ಲಿ ಸತೀರ್ಥ ಎಂಬ ರೂಪವು ಬಳಕೆಯಲ್ಲಿದೆ. ತೀರ್ಥವೆಂದರೆ ನದಿಯಲ್ಲಿ ಇಳಿದು ದಾಟುವ ಸ್ಥಳ. ದಾಟಿಸುವವನಾದುದರಿಂದ ಗುರುವಿಗೂ ಆ ಹೆಸರು ಬಂದಿತು. ಒಂದೇ ಕಡವಿನಲ್ಲಿ ಹೊಳೆಯನ್ನು ದಾಟುವವರು ಸತೀರ್ಥರು. ಅವರಲ್ಲಿ ಮೊದಲು ನೀರಿಗೆ ಇಳಿದವನು ಹಿಂದೆ ಬರುವವನಿಗೆ ಎಲ್ಲಿ ಸುಳಿಯಿದೆ, ಎಲ್ಲಿ ಕಾಲು ಜಾರುತ್ತದೆ ಎಂದು ಕೂಗಿ ಹೇಳುತ್ತಾನೆ. ಹಾಗೆ ಹೇಳುವುದರಿಂದ ಅವನು ಗುರುವಾಗುವುದಿಲ್ಲ. ಅವನೂ ಇನ್ನೂ ನೀರಿನಲ್ಲಿಯೇ ಇರುವವನು. ವಿಮಾನಚಾಲಕರ ಪರಸ್ಪರ ಶಿಕ್ಷಣಕ್ಕೆ ಈ ಶಬ್ದವು ಅನ್ವರ್ಥವಾಗಿರುವುದರಿಂದ ಪ್ರಕೃತ ಲೇಖನದಲ್ಲಿ ಅದನ್ನು ಸತೀರ್ಥಬೋಧೆಯೆಂದು ವ್ಯವಹರಿಸಲಾಗಿದೆ.

೨. ಚಾಲಕನ ಶಿಕ್ಷಣಕ್ರಮ

ಈ ಬೋಧೆಗೆ ಅವಕಾಶವೆಲ್ಲಿ ಎಂಬುದನ್ನು ತಿಳಿಯಬೇಕಾದರೆ ಚಾಲಕನು ಕಲಿಯುವ ಕ್ರಮವನ್ನು ಮೊದಲು ಅರಿಯತಕ್ಕದ್ದು. ಭಾರತದಲ್ಲಿ ವೃತ್ತಿಚಾಲಕನ ಪರವಾನೆಯನ್ನು ಪಡೆಯುವುದಕ್ಕೆ ೨೦೦ ಗಂಟೆಗಳ ಹಾರಾಟವು ಆವಶ್ಯಕ. ಅದು ಬಹುಮಟ್ಟಿಗೆ ಸಣ್ಣ ವಿಮಾನಗಳಲ್ಲಿ ಆಗತಕ್ಕದ್ದು. ಅನಂತರ ತಾನು ನಡೆಸಬೇಕಾದ ದೊಡ್ಡ ವಿಮಾನದ ಜಾತಿಯನ್ನು ಕುರಿತ ಪ್ರತ್ಯೇಕ ಶಿಕ್ಷಣವು ಸಿಮ್ಯುಲೇಟರ್ ಎಂಬ ಅನುಕರಣಯಂತ್ರದಲ್ಲಿ ನಡೆಯುತ್ತದೆ. ಅದು ಮುಗಿದ ಮೇಲೆ ಪ್ರಯಾಣಿಕರಿರುವ ವಿಮಾನದಲ್ಲಿಯೇ ಶಿಕ್ಷಕನಾದ ಕ್ಯಾಪ್ಟನ್ನನ ಪಕ್ಕದಲ್ಲಿ ಕುಳಿತು ಕೆಲವು ಕಾಲ ಹಾರಿ, ಪರೀಕ್ಷೆಯಲ್ಲಿ ತೇರ್ಗಡೆಯಾದವನು ಸಹಚಾಲಕನಾಗುತ್ತಾನೆ. ಅಲ್ಲಿಂದ ಮುಂದೆ ವೃತ್ತಿಯಲ್ಲಿರುವವರೆಗೂ ನಿಯತಕಾಲಕ್ಕೊಮ್ಮೆ ಪರೀಕ್ಷೆಗಳು ತಪ್ಪುವುದಿಲ್ಲ. ಮತ್ತಾವ ವೃತ್ತಿಯಲ್ಲಿಯೂ ಇಷ್ಟು ಪುನಃಪುನಃ ಪರೀಕ್ಷೆಗಳಿರುವುದು ಅಪೂರ್ವವೆಂದೇ ಹೇಳಬಹುದು.

ವಿಮಾನದ ಮುಂಭಾಗದಲ್ಲಿ ಎಡಗಡೆಯ ಆಸನವು ಕ್ಯಾಪ್ಟನ್ನನದು, ಬಲಗಡೆಯದು ಸಹಚಾಲಕನದು. ಸಹಚಾಲಕನು ಕೇವಲ ಅಭ್ಯಾಸಿಯೆಂದು ಭಾವಿಸುವುದು ತಪ್ಪು. ಒಂದು ಪ್ರಯಾಣದಲ್ಲಿ ಒಬ್ಬನು ಯಂತ್ರವನ್ನು ನಡೆಸಿದರೆ ಮತ್ತೊಬ್ಬನು ಅದನ್ನು ಎವೆಯಿಕ್ಕದೆ ನೋಡುತ್ತ, ನಿಲ್ದಾಣದವರೊಡನೆ ಮಾತನಾಡುತ್ತ, ತಪ್ಪು ಕಂಡರೆ ಹೇಳುತ್ತ ಇರಬೇಕು. ಮುಂದಿನ ಪ್ರಯಾಣದಲ್ಲಿ ಈ ಪಾತ್ರಗಳು ಸಾಮಾನ್ಯವಾಗಿ ಅದಲುಬದಲಾಗುತ್ತವೆ. ಆದರೆ ವಿಮಾನದ ಕೊನೆಯ ಹೊಣೆಯೂ ಕೊನೆಯ ಮಾತೂ ಸದಾ ಕ್ಯಾಪ್ಟನ್ನನವು.

ದೊಡ್ಡ ಸಂಸ್ಥೆಗಳಲ್ಲಿ ಚಾಲಕರು ಸಾವಿರಾರು ಜನರಿರುವುದರಿಂದ ಯಾರು ಯಾರೊಡನೆ ಹಾರಬೇಕೆಂಬುದನ್ನು ಸರದಿಯ ಪಟ್ಟಿಯು ನಿರ್ಣಯಿಸುತ್ತದೆ. ಈ ದಿನ ಜೊತೆಯಾದ ಇಬ್ಬರು ಹೊರಡುವುದಕ್ಕೆ ಒಂದು ಗಂಟೆ ಮುಂಚೆ ಮೊದಲ ಸಲ ಮುಖವನ್ನು ನೋಡಿದವರಾಗಿರಬಹುದು. ಇಳಿದ ಮೇಲೆ ವರ್ಷಗಟ್ಟಲೆ ಭೇಟಿಯಾಗದೆಯೂ ಇರಬಹುದು. ಗುರುಕುಲದ ಸಹವಾಸಕ್ಕೆ ಇಲ್ಲಿ ಎಡೆಯೇ ಇಲ್ಲ. ಹನ್ನೆರಡು ವರ್ಷಗಳ ಅಂತೇವಾಸದಲ್ಲಿ ಬೆಳೆಯತಕ್ಕ ವಿಶ್ವಾಸವು ಇಲ್ಲಿ ಕೆಲವು ನಿಮಿಷಗಳಲ್ಲಿ ಬೆಳೆಯಬೇಕಾಗಿದೆ.

ಪರೀಕ್ಷೆಗಳಲ್ಲಿ ಅಳೆಯಲಾಗದ ಅನೇಕ ವಿಷಯಗಳೂ ಈ ವೃತ್ತಿಯಲ್ಲಿವೆ. ಮಳೆಗಾಲದಲ್ಲಿ ಇಂತಹ ನಿಲ್ದಾಣಕ್ಕೆ ಇಳಿಯುವಾಗ ಮೋಡದ ಯಾವ ಬಣ್ಣವನ್ನು ನಂಬಬಾರದು. ನಡುರಾತ್ರಿಯ ಸರದಿಯಲ್ಲಿ ನಿದ್ರೆಯನ್ನು ಹೇಗೆ ಹೊಂದಿಸಿಕೊಳ್ಳಬೇಕು. ಹಿರಿಯನು ಅವಸರಪಡುತ್ತಿರುವಾಗ ಅದನ್ನು ಯಾವ ಮಾತಿನಲ್ಲಿ ತಿಳಿಸಬೇಕು. ಭಯವಾದಾಗ ಅದನ್ನು ಯಾರಲ್ಲಿ ಹೇಳಿಕೊಳ್ಳಬೇಕು. ಮೊದಲ ಸಲ ಎಡಗಡೆಯ ಆಸನದಲ್ಲಿ ಕುಳಿತಾಗ ಪಕ್ಕದವನ ಮಾತಿಗೆ ಎಷ್ಟು ಬೆಲೆ ಕೊಡಬೇಕು. ಇವೆಲ್ಲ ಒಬ್ಬ ಚಾಲಕನಿಂದ ಮತ್ತೊಬ್ಬ ಚಾಲಕನಿಗೆ ಬರತಕ್ಕ ವಿದ್ಯೆಗಳು.

೩. ಆಡದ ಮಾತು, ಕೇಳದ ಮಾತು

ಈ ವಿದ್ಯೆಯ ಅಭಾವದಿಂದ ಏನಾಗುತ್ತದೆಂಬುದನ್ನು ಜಗತ್ತು ೧೯೭೭ನೆಯ ಇಸವಿ ಮಾರ್ಚಿ ೨೭ರಂದು ಕಂಡಿತು. ಕೆನೇರಿ ದ್ವೀಪಗಳಲ್ಲೊಂದಾದ ಟೆನೆರೀಫಿನ ನಿಲ್ದಾಣದಲ್ಲಿ, ಮಂಜು ಕವಿದಿದ್ದ ಸಮಯದಲ್ಲಿ, ಕೆ.ಎಲ್.ಎಂ. ಮತ್ತು ಪ್ಯಾನ್ ಅಮೆರಿಕನ್ ಸಂಸ್ಥೆಗಳ ಎರಡು ಬೋಯಿಂಗ್ ೭೪೭ ವಿಮಾನಗಳು ಒಂದೇ ಓಟಪಥದಲ್ಲಿ ಡಿಕ್ಕಿಹೊಡೆದು ೫೮೩ ಜನರು ಮೃತರಾದರು. ಅನುಮತಿಯಿಲ್ಲದೆಯೇ ಹಾರಲುದ್ಯುಕ್ತವಾದ ಕೆ.ಎಲ್.ಎಂ. ವಿಮಾನದ ಕ್ಯಾಪ್ಟನ್ನನು ಆ ಸಂಸ್ಥೆಯಲ್ಲಿ ಆ ಜಾತಿಯ ವಿಮಾನದ ಶಿಕ್ಷಣಕ್ಕೆ ಮುಖ್ಯಸ್ಥನಾಗಿದ್ದವನು. ಪಕ್ಕದಲ್ಲಿದ್ದ ಸಹಚಾಲಕನನ್ನು ಆ ವಿಮಾನಕ್ಕೆ ಅರ್ಹನೆಂದು ಪರೀಕ್ಷಿಸಿದ್ದವನೂ ಅವನೇ. ಮೊದಲ ಸಲ ಕ್ಯಾಪ್ಟನ್ನನು ಮುನ್ನುಗ್ಗಿದಾಗ ಸಹಚಾಲಕನು ಅನುಮತಿ ಬಂದಿಲ್ಲವೆಂದು ನೆನಪುಮಾಡಿದನು. ಎರಡನೆಯ ಸಲ ತಡೆಯಲಿಲ್ಲ. ಹಿಂದೆ ಕುಳಿತಿದ್ದ ಯಂತ್ರಾಧಿಕಾರಿಯು ಮತ್ತೊಂದು ವಿಮಾನವು ಓಟಪಥದಿಂದ ಆಚೆಗೆ ಹೋಗಿದೆಯೇ ಎಂದು ಸಂಶಯವನ್ನು ಸೂಚಿಸಿದನು. ಹೋಗಿದೆಯೆಂದು ಕ್ಯಾಪ್ಟನ್ನನು ದೃಢವಾಗಿ ಉತ್ತರಕೊಟ್ಟನು. ಅಲ್ಲಿಗೆ ಮಾತು ನಿಂತಿತು. ತನ್ನನ್ನು ತೇರ್ಗಡೆಮಾಡಿದವನ ತಪ್ಪನ್ನು ಎರಡನೆಯ ಬಾರಿ ಎತ್ತಿ ಹೇಳುವುದು ಎಷ್ಟು ಕಷ್ಟವೆಂಬುದನ್ನು ಅಧ್ಯಾಪಕರಿಗೆ ವಿವರಿಸಬೇಕಾಗಿಲ್ಲ.

ಮರುವರ್ಷ ಡಿಸೆಂಬರು ೨೮ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಪೋರ್ಟ್‌ಲೆಂಡ್ ನಗರದ ಹತ್ತಿರ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಇಂಧನವೆಲ್ಲ ತೀರಿ ಕೆಳಕ್ಕೆ ಬಿದ್ದು ಹತ್ತು ಜನರು ಸತ್ತರು. ಚಕ್ರಗಳು ಸರಿಯಾಗಿ ಇಳಿದಿವೆಯೇ ಎಂಬ ಸಂದೇಹದಿಂದ ಕ್ಯಾಪ್ಟನ್ನನು ನಗರದ ಸುತ್ತ ಬಹಳ ಹೊತ್ತು ಸುತ್ತುತ್ತಿದ್ದನು. ಇಂಧನವು ಕಡಮೆಯಾಗುತ್ತಿರುವ ಸೂಚನೆಯನ್ನು ಉಳಿದಿಬ್ಬರು ಕೊಟ್ಟಿದ್ದರು. ಆದರೆ ಅಪಾಯದ ಗುರುತ್ವವು ಕೇಳುವವನ ಕಿವಿಗೆ ಮುಟ್ಟುವಂತೆ ಕೊಡಲಿಲ್ಲ. ವಿಚಾರಣೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯು ಕ್ಯಾಪ್ಟನ್ನನ ಅನವಧಾನವನ್ನು ಎತ್ತಿ ಹೇಳಿದುದಲ್ಲದೆ, ಜೊತೆಗಾರರ ಮಾತು ಫಲಕಾರಿಯಾಗದುದನ್ನೂ ಕಾರಣಗಳಲ್ಲಿ ಸೇರಿಸಿತು. ಕಿರಿಯರಿಗೆ ನಿರ್ಭಯವಾಗಿ ಹೇಳುವುದನ್ನೂ ಹಿರಿಯರಿಗೆ ಎಲ್ಲರನ್ನೂ ಕೂಡಿಸಿಕೊಂಡು ನಡೆಸುವುದನ್ನೂ ಕಲಿಸಬೇಕೆಂಬುದು ಅದರ ಸೂಚನೆಯಾಗಿತ್ತು. ೧೯೭೯ರಲ್ಲಿ ವ್ಯೋಮಸಂಶೋಧನ ಸಂಸ್ಥೆಯಾದ ನಾಸಾ ಈ ವಿಷಯವಾಗಿ ವಿದ್ವಾಂಸರ ಮತ್ತು ಚಾಲಕರ ಸಭೆಯೊಂದನ್ನು ಕೂಡಿಸಿತು. ೧೯೮೧ರಲ್ಲಿ ಯುನೈಟೆಡ್ ಸಂಸ್ಥೆಯು ತನ್ನ ಚಾಲಕರಿಗೆ ಇದರ ಶಿಕ್ಷಣವನ್ನು ಆರಂಭಿಸಿತು.

ಆ ಶಿಕ್ಷಣದ ಫಲವು ೧೯೮೯ನೆಯ ಇಸವಿ ಜುಲೈ ೧೯ರಂದು ಪ್ರತ್ಯಕ್ಷವಾಯಿತು. ಅದೇ ಸಂಸ್ಥೆಯ ಡಿ.ಸಿ.-೧೦ ವಿಮಾನದಲ್ಲಿ ಬಾಲದ ಕಡೆಯ ಯಂತ್ರವು ಒಡೆದು, ವಿಮಾನವನ್ನು ತಿರುಗಿಸುವ ಮೂರು ದ್ರವಬಲವ್ಯವಸ್ಥೆಗಳೂ ನಷ್ಟವಾದವು. ಕ್ಯಾಪ್ಟನ್ ಆಲ್ ಹೇನ್ಸ್ ಅವರ ವಿಮಾನದಲ್ಲಿ ಡೆನ್ನಿಸ್ ಫಿಚ್ ಎಂಬ ಶಿಕ್ಷಕಚಾಲಕರು ಪ್ರಯಾಣಿಕರಾಗಿ ಕುಳಿತಿದ್ದರು. ಅವರು ನೆರವಾಗಲೇ ಎಂದು ಹೇಳಿಕಳುಹಿಸಿದಾಗ ಹೇನ್ಸ್ ಅವರು ಒಳಕ್ಕೆ ಕರೆಯಿಸಿಕೊಂಡು ಉಳಿದೆರಡು ಯಂತ್ರಗಳ ವೇಗವನ್ನು ಹಿಡಿದಾಡಿಸುವ ಕೆಲಸವನ್ನು ಒಪ್ಪಿಸಿದರು. ಕ್ಯಾಪ್ಟನ್ನರಿಗೆ ಪಾಠ ಹೇಳುವ ಅಧಿಕಾರವುಳ್ಳವರು ಅಂದು ಕ್ಯಾಪ್ಟನ್ನನ ಆಜ್ಞೆಯಂತೆ ನಡೆದುಕೊಂಡರು; ಆಜ್ಞಾಪಿಸುವವರು ಎಲ್ಲರ ಮಾತನ್ನೂ ಕೇಳಿದರು. ಸೂ ಸಿಟಿಯ ನಿಲ್ದಾಣದಲ್ಲಿ ವಿಮಾನವು ಒಡೆದು ೧೧೨ ಜನರು ಮೃತರಾದರೂ, ಯಾರೂ ಉಳಿಯಲಾರರೆಂಬ ಆ ಸ್ಥಿತಿಯಲ್ಲಿ ೧೮೪ ಜನರು ಉಳಿದರು. ತಮ್ಮವರು ಒಟ್ಟುಗೂಡಿ ಕೆಲಸಮಾಡಲು ಕಲಿತಿದ್ದುದೇ ಇದಕ್ಕೆ ಕಾರಣವೆಂದು ಹೇನ್ಸ್ ಅವರು ಮುಂದೆ ಅನೇಕ ಸಭೆಗಳಲ್ಲಿ ಹೇಳಿದರು.

ಕನ್ನಡನಾಡಿನವರು ಮರೆಯಲಾರದ ದೃಷ್ಟಾಂತವೂ ಒಂದುಂಟು. ೨೦೧೦ನೆಯ ಇಸವಿ ಮೇ ೨೨ರ ಬೆಳಗ್ಗೆ ದುಬಾಯಿಯಿಂದ ಮಂಗಳೂರಿಗೆ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜಪೆಯ ಗುಡ್ಡದ ಮೇಲಿನ ಓಟಪಥವನ್ನು ಮೀರಿ ಕಮರಿಗೆ ಬಿದ್ದು, ಒಳಗಿದ್ದ ೧೬೬ ಜನರಲ್ಲಿ ೧೫೮ ಜನರು ಮೃತರಾದರು. ಕ್ಯಾಪ್ಟನ್ನನು ೧೦,೦೦೦ ಗಂಟೆಗಳಿಗೂ ಮೀರಿ ಹಾರಿದ ಅನುಭವಶಾಲಿ. ಪ್ರಯಾಣದಲ್ಲಿ ಬಹಳ ಹೊತ್ತು ಅವನು ನಿದ್ರೆಮಾಡಿದ್ದನೆಂಬುದು ಧ್ವನಿಮುದ್ರಿಕೆಯಿಂದ ತಿಳಿದುಬಂದಿತು. ವಿಮಾನವು ಇರತಕ್ಕುದಕ್ಕಿಂತ ಬಹಳ ಎತ್ತರದಲ್ಲಿದ್ದು, ಇಳಿಯುವುದನ್ನು ಬಿಟ್ಟು ಮತ್ತೆ ಮೇಲಕ್ಕೆ ಹೋಗಬೇಕೆಂದು ಸಹಚಾಲಕನು ಮೂರು ಸಲ ಹೇಳಿದನು. ಯಂತ್ರವೂ ಎಚ್ಚರಿಕೆಯನ್ನು ಕೊಟ್ಟಿತು. ಅವೆಲ್ಲವನ್ನೂ ಮೀರಿ ಇಳಿಯುವುದನ್ನೇ ಮುಂದುವರಿಸಿದುದು ಕಾರಣವೆಂದು ವಿಚಾರಣಾ ನ್ಯಾಯಾಲಯವು ನಿರ್ಣಯಿಸಿತು. ಇಲ್ಲಿ ಜ್ಞಾನಕ್ಕೆ ಕೊರತೆಯಿರಲಿಲ್ಲ. ಬೇಕಾದ ಜ್ಞಾನವೆಲ್ಲ ಬಲಗಡೆಯ ಆಸನದಲ್ಲಿತ್ತು. ಮಾತಿಗೂ ಕೊರತೆಯಿರಲಿಲ್ಲ, ಅದು ಮೂರು ಸಲ ಉಚ್ಚರಿತವಾಗಿತ್ತು. ಇಲ್ಲದಿದ್ದುದು ಆ ಮಾತು ಆಜ್ಞೆಯಷ್ಟೇ ಬಲವುಳ್ಳದ್ದೆಂದು ಕೇಳುವವನಲ್ಲಿ ಮೊದಲೇ ನೆಲೆಗೊಂಡಿರಬೇಕಾದ ಅಭ್ಯಾಸ.

ಇಷ್ಟರಿಂದ ಒಂದು ತತ್ತ್ವವು ಸಿದ್ಧವಾಗುತ್ತದೆ. ಸಹಚಾಲಕನಿಗೆ ಹೇಳುವುದನ್ನು ಕಲಿಸಿದರೆ ಕೆಲಸದ ಅರ್ಧ ಮಾತ್ರ ಆದಂತಾಯಿತು. ಕ್ಯಾಪ್ಟನ್ನನಿಗೆ ಕೇಳುವುದನ್ನು ಕಲಿಸುವುದು ಉಳಿದ ಅರ್ಧ. ಆಪತ್ತಿನ ನಿಮಿಷದಲ್ಲಿ ಇವೆರಡೂ ಹೊಸದಾಗಿ ಹುಟ್ಟಲಾರವು. ಆಪತ್ತಿಲ್ಲದ ನೂರಾರು ದಿನಗಳಲ್ಲಿ ಅವುಗಳನ್ನು ಬೆಳಸತಕ್ಕದ್ದು ಸತೀರ್ಥಬೋಧೆ.

೪. ಹೊತ್ತು ಮೀರಿದ ಸಂಭಾಷಣೆ

೨೦೦೯ನೆಯ ಇಸವಿ ಫೆಬ್ರವರಿ ೧೨ರ ರಾತ್ರಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಸಂಸ್ಥೆಯ ವಿಮಾನವು ಮನೆಯೊಂದರ ಮೇಲೆ ಬಿದ್ದು, ಒಳಗಿದ್ದ ೪೯ ಜನರೂ ಮನೆಯಲ್ಲಿದ್ದ ಒಬ್ಬರೂ ಮೃತರಾದರು. ವೇಗವು ಕುಗ್ಗಿದಾಗ ಬಂದ ಎಚ್ಚರಿಕೆಗೆ ಕ್ಯಾಪ್ಟನ್ನನು ತದ್ವಿರುದ್ಧವಾಗಿ ಪ್ರತಿಕ್ರಿಯೆಮಾಡಿ ವಿಮಾನದ ಮೂತಿಯನ್ನು ಮೇಲಕ್ಕೆ ಎಳೆದುದೇ ಮುಖ್ಯ ಕಾರಣ. ಆದರೆ ಧ್ವನಿಮುದ್ರಿಕೆಯಲ್ಲಿ ಇನ್ನೊಂದು ಅಂಶವು ಹೊರಬಿದ್ದಿತು. ಅಪಘಾತಕ್ಕೆ ಕೆಲವು ನಿಮಿಷಗಳ ಮುಂಚೆ ಸಹಚಾಲಕಿಯು ಹಿಮಗಟ್ಟುವ ಹವೆಯಲ್ಲಿ ತನಗೆ ಮೊದಲು ಅನುಭವವೇ ಇರಲಿಲ್ಲವೆಂದೂ, ಅಂತಹುದನ್ನು ಆಗ ಕಂಡಿದ್ದರೆ ತಾನು ಹೆದರಿಬಿಡುತ್ತಿದ್ದೆನೆಂದೂ ಹೇಳುತ್ತಾಳೆ; ಕ್ಯಾಪ್ಟನ್ನನು ತಾನು ವೃತ್ತಿಗೆ ಸೇರಿದ ದಿನಗಳ ಅಲ್ಪಾನುಭವವನ್ನು ನೆನೆಸಿಕೊಳ್ಳುತ್ತಾನೆ. ೧೯೮೧ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ೧೦,೦೦೦ ಅಡಿಗಳಿಗಿಂತ ಕೆಳಗೆ, ವಿಮಾನವನ್ನು ನಡೆಸುವುದಕ್ಕೆ ಆವಶ್ಯಕವಲ್ಲದ ಯಾವ ಮಾತನ್ನೂ ಆಡಕೂಡದು. ಆ ನಿಯಮದ ಉಲ್ಲಂಘನೆಯನ್ನು ವಿಚಾರಣಾಧಿಕಾರಿಗಳು ಪೋಷಕಕಾರಣಗಳಲ್ಲಿ ಎಣಿಸಿದರು.

ಅವರ ನಿರ್ಣಯವು ಯುಕ್ತವೇ. ಆದರೆ ಆ ಸಂಭಾಷಣೆಯ ವಿಷಯವನ್ನು ನೋಡಿದರೆ ಅದು ಹರಟೆಯೆಂದು ತಳ್ಳಿಹಾಕತಕ್ಕದ್ದಲ್ಲ. ಕಿರಿಯಳೊಬ್ಬಳು ತನ್ನ ಅನನುಭವವನ್ನೂ ಭಯವನ್ನೂ ಹಿರಿಯನೆದುರು ಒಪ್ಪಿಕೊಂಡಳು. ಹಿರಿಯನು ತನ್ನ ಆರಂಭದ ದಿನಗಳನ್ನು ಬಿಚ್ಚಿ ಹೇಳಿದನು. ಸತೀರ್ಥಬೋಧೆಯೆಂದರೆ ಇದೇ. ಅದಕ್ಕೆ ತಕ್ಕ ಹೊತ್ತೂ ಸ್ಥಳವೂ ಏರ್ಪಟ್ಟಿರದುದರಿಂದ, ಅದು ಆಗಬಾರದ ಹೊತ್ತಿನಲ್ಲಿ, ಆಗಬಾರದ ಎತ್ತರದಲ್ಲಿ ಆಯಿತು. ಮನುಷ್ಯರಿಗೆ ಪರಸ್ಪರ ಕಲಿಯುವ ಹಸಿವು ಸಹಜ. ವ್ಯವಸ್ಥೆಯು ಅದಕ್ಕೆ ಊಟದ ವೇಳೆಯನ್ನು ಗೊತ್ತುಮಾಡದಿದ್ದರೆ ಅದು ಅವೇಳೆಯಲ್ಲಿ ಉಣ್ಣುತ್ತದೆ.

೨೦೧೦ರಲ್ಲಿ ಅಮೆರಿಕದ ಶಾಸನಸಭೆಯು ಮಾಡಿದ ವಿಮಾನಸುರಕ್ಷತೆಯ ಕಾಯಿದೆಯು ಈ ವಿಷಯಕ್ಕೆ ಕೈಹಾಕಿತು. ಬಹಳ ಅನುಭವವುಳ್ಳ ಚಾಲಕರನ್ನು ಹೊಸದಾಗಿ ಸೇರಿದವರೊಡನೆ ಜೋಡಿಮಾಡಿ ಮಾರ್ಗದರ್ಶನ ಕೊಡಿಸಬೇಕೆಂಬುದು ಅದರ ಆಶಯವಾಗಿತ್ತು. ಹತ್ತು ವರ್ಷಗಳ ವಿಚಾರವಿನಿಮಯದ ಮೇಲೆ ೨೦೨೦ರಲ್ಲಿ ಫೆಡರಲ್ ವಿಮಾನಯಾನ ಆಡಳಿತವು ಪ್ರಕಟಿಸಿದ ನಿಯಮವು ಬೇರೊಂದು ದಾರಿಯನ್ನು ಹಿಡಿಯಿತು. ಒಬ್ಬ ಹಿರಿಯನನ್ನು ಒಬ್ಬ ಕಿರಿಯನಿಗೆ ಕಟ್ಟಿಹಾಕುವುದರ ಬದಲು, ಕ್ಯಾಪ್ಟನ್ ಪದವಿಯಲ್ಲಿರುವ ಪ್ರತಿಯೊಬ್ಬ ಚಾಲಕನಿಗೂ ನಾಯಕತ್ವ ಮತ್ತು ಮಾರ್ಗದರ್ಶನ ಇವುಗಳ ಶಿಕ್ಷಣವನ್ನು ಕೊಡಬೇಕೆಂದು ಅದು ವಿಧಿಸಿತು. ಹೊಸಬರು ಕೆಲಸವನ್ನು ವಹಿಸಿಕೊಳ್ಳುವ ಮುಂಚೆ ಹಾರಾಟವನ್ನು ಹಿಂದೆ ಕುಳಿತು ನೋಡುವ ಅವಕಾಶವನ್ನೂ, ಆಡಳಿತದವರೂ ಚಾಲಕರೂ ಸೇರಿದ ಒಂದು ಸಮಿತಿಯನ್ನೂ ಅದು ಏರ್ಪಡಿಸಿತು. ಸರದಿಯ ಪಟ್ಟಿಯು ದಿನಕ್ಕೊಬ್ಬ ಜೊತೆಗಾರನನ್ನು ಕೊಡುವ ವೃತ್ತಿಯಲ್ಲಿ ಈ ಮಾರ್ಗವೇ ಹೆಚ್ಚು ಯುಕ್ತವೆಂದು ತೋರುತ್ತದೆ. ಮಾರ್ಗದರ್ಶನವು ಯಾರೋ ಒಬ್ಬನ ಕೆಲಸವಾಗದೆ ಪ್ರತಿಯೊಬ್ಬನ ಧರ್ಮವಾದರೆ ಮಾತ್ರ ಕಿರಿಯನು ಎಲ್ಲಿ ಕುಳಿತರೂ ಅದು ಅವನಿಗೆ ಸಿಕ್ಕೀತು.

೫. ಲೇಖನಿಯಿಲ್ಲದ ಕೈ

ಸತೀರ್ಥನಿಗೂ ಪರೀಕ್ಷಕನಿಗೂ ಇರುವ ಭೇದವು ಈ ಪದ್ಧತಿಯ ಮೂಲಸೂತ್ರ. ಪರೀಕ್ಷಕನ ಕೈಯಲ್ಲಿ ಲೇಖನಿಯಿದೆ; ಅವನು ಬರೆದ ಒಂದು ಸಾಲಿನಿಂದ ಚಾಲಕನ ಪರವಾನೆಯೇ ಹೋಗಬಹುದು. ಅಂತಹವನೆದುರು ಯಾರೂ ತಮ್ಮ ಅಜ್ಞಾನವನ್ನು ಪ್ರದರ್ಶಿಸುವುದಿಲ್ಲ, ಮರೆಮಾಡುತ್ತಾರೆ. ಮರೆಯಾದ ಅಜ್ಞಾನವು ಹಾರಾಟದಲ್ಲಿ ಹೊರಬರುತ್ತದೆ.

ಇದನ್ನು ಆಡಳಿತಗಾರರು ಅನುಭವದಿಂದ ಕಲಿಯಬೇಕಾಯಿತು. ೧೯೭೪ನೆಯ ಇಸವಿ ಡಿಸೆಂಬರು ೧ರಂದು ವಾಷಿಂಗ್ಟನ್ನಿನ ಸಮೀಪದಲ್ಲಿ ಟಿ.ಡಬ್ಲ್ಯು.ಎ. ಸಂಸ್ಥೆಯ ವಿಮಾನವು ಇಳಿಯುವ ಸೂಚನೆಯನ್ನು ತಪ್ಪಾಗಿ ಗ್ರಹಿಸಿ ಬೆಟ್ಟಕ್ಕೆ ತಾಗಿ, ಒಳಗಿದ್ದ ೯೨ ಜನರೂ ಸತ್ತರು. ಅದಕ್ಕೆ ಆರು ವಾರಗಳ ಹಿಂದೆ ಯುನೈಟೆಡ್ ಸಂಸ್ಥೆಯ ಚಾಲಕರು ಅದೇ ಸ್ಥಳದಲ್ಲಿ ಅದೇ ತಪ್ಪನ್ನು ಮಾಡಿ ಕೂದಲೆಳೆಯಷ್ಟರಲ್ಲಿ ಪಾರಾಗಿದ್ದರು. ಆ ಸಂಗತಿಯು ಅವರ ಸಂಸ್ಥೆಯ ಚಾಲಕರಿಗೆಲ್ಲ ತಿಳಿಸಲ್ಪಟ್ಟಿತ್ತು. ಆಚೆಯ ಸಂಸ್ಥೆಯವರಿಗೆ ಅದು ಮುಟ್ಟಿರಲಿಲ್ಲ. ಒಂದೇ ಹೊಳೆಯನ್ನು ದಾಟುವವರಲ್ಲಿ ಒಬ್ಬರು ಕಂಡ ಸುಳಿಯು ಮತ್ತೊಬ್ಬರಿಗೆ ಕೇಳಿಸಲಿಲ್ಲ. ಇದರ ಮೇಲೆ ವಿಮಾನಯಾನ ಆಡಳಿತವು ಚಾಲಕರು ತಮ್ಮ ತಪ್ಪುಗಳನ್ನು ತಾವಾಗಿಯೇ ತಿಳಿಸುವ ಯೋಜನೆಯೊಂದನ್ನು ೧೯೭೫ರಲ್ಲಿ ಆರಂಭಿಸಿತು. ಆದರೆ ದಂಡಿಸುವ ಅಧಿಕಾರವುಳ್ಳ ಇಲಾಖೆಗೇ ತಪ್ಪನ್ನು ಬರೆದು ಕಳುಹಿಸುವುದಕ್ಕೆ ಚಾಲಕರು ಹಿಂಜರಿದರು. ೧೯೭೬ರಲ್ಲಿ ಆ ಕೆಲಸವು ದಂಡಾಧಿಕಾರವಿಲ್ಲದ ನಾಸಾ ಸಂಸ್ಥೆಗೆ ಒಪ್ಪಿಸಲ್ಪಟ್ಟಿತು. ಹೆಸರುಗಳನ್ನು ಅಳಿಸಿ ವಿಷಯವನ್ನು ಮಾತ್ರ ಎಲ್ಲರಿಗೂ ತಿಳಿಸುವ ಏರ್ಪಾಡಾಯಿತು. ಅಲ್ಲಿಂದ ಮುಂದೆ ಪತ್ರಗಳು ಬರತೊಡಗಿದವು. ಆ ವ್ಯವಸ್ಥೆಯು ಇಂದಿಗೂ ನಡೆಯುತ್ತಿದೆ.

ಮದ್ಯವ್ಯಸನದ ವಿಷಯದಲ್ಲಿ ಇದೇ ತತ್ತ್ವವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವ್ಯಸನವು ಹೊರಬಿದ್ದರೆ ಜೀವನೋಪಾಯವು ಹೋಗುವುದಾದುದರಿಂದ ಹಿಂದೆ ಅದನ್ನು ಎಲ್ಲರೂ ಮುಚ್ಚಿಡುತ್ತಿದ್ದರು. ೧೯೭೪ರಲ್ಲಿ ಅಮೆರಿಕದ ಚಾಲಕರ ಸಂಘವು ಆರಂಭಿಸಿದ ಹಿಮ್ಸ್ ಎಂಬ ಯೋಜನೆಯಲ್ಲಿ, ತರಬೇತಿ ಪಡೆದ ಚಾಲಕರೇ ವ್ಯಸನಿಯಾದ ಚಾಲಕನೊಡನೆ ಮಾತನಾಡಿ ಚಿಕಿತ್ಸೆಗೆ ಒಪ್ಪಿಸುತ್ತಾರೆ. ಅವನು ಗುಣಹೊಂದಿ ವೈದ್ಯರ ಮತ್ತು ಸರಕಾರದ ಒಪ್ಪಿಗೆಯಿಂದ ಕೆಲಸಕ್ಕೆ ಮರಳಿದ ಮೇಲೂ ಬಹುಕಾಲ ಅವನ ಜೊತೆಗಿರುತ್ತಾರೆ. ಜರ್ಮನಿಯಲ್ಲಿ ೧೯೯೪ರಲ್ಲಿ ಸ್ಥಾಪಿತವಾದ ಮೇಡೇ ಪ್ರತಿಷ್ಠಾನವು ಆಪತ್ತಿಗೆ ಸಿಕ್ಕಿದ ವಿಮಾನಸಿಬ್ಬಂದಿಗೆ ಅದೇ ವೃತ್ತಿಯವರಿಂದ ಸಾಂತ್ವನವನ್ನು ಒದಗಿಸುತ್ತದೆ. ೨೦೧೫ನೆಯ ಇಸವಿ ಮಾರ್ಚಿ ೨೪ರಂದು ಜರ್ಮನ್‌ವಿಂಗ್ಸ್ ಸಂಸ್ಥೆಯ ಸಹಚಾಲಕನೊಬ್ಬನು ತನ್ನ ಮನೋರೋಗವನ್ನು ಸಂಸ್ಥೆಯಿಂದ ಮುಚ್ಚಿಟ್ಟು, ಕ್ಯಾಪ್ಟನ್ನನು ಹೊರಗೆ ಹೋಗಿದ್ದಾಗ ಬಾಗಿಲನ್ನು ಭದ್ರಪಡಿಸಿ, ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಬುದ್ಧಿಪೂರ್ವಕವಾಗಿ ತಾಗಿಸಿದನು. ೧೫೦ ಜನರು ಮೃತರಾದರು. ಆ ಬಳಿಕ ಯೂರೋಪಿನ ಒಕ್ಕೂಟವು ೨೦೧೮ರಲ್ಲಿ ನಿಯಮವನ್ನು ಮಾಡಿ, ಪ್ರತಿಯೊಂದು ವಿಮಾನಸಂಸ್ಥೆಯೂ ತನ್ನ ಚ‍ಾಲಕರಿಗೆ ಇಂತಹ ನೆರವಿನ ಏರ್ಪಾಡನ್ನು ಒದಗಿಸತಕ್ಕದ್ದೆಂದು ವಿಧಿಸಿತು. ೨೦೨೧ರ ಫೆಬ್ರವರಿಯಿಂದ ಅದು ಜಾರಿಗೆ ಬಂದಿತು. ೨೦೨೩ರಲ್ಲಿ ಭಾರತದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ಚಾಲಕರ ಮಾನಸಿಕಾರೋಗ್ಯವನ್ನು ಕುರಿತ ಸುತ್ತೋಲೆಯಲ್ಲಿ ಸಮಾನರ ನೆರವಿನ ಯೋಜನೆಯನ್ನು ಸೇರಿಸಿತು.

ಈ ಎಲ್ಲ ಏರ್ಪಾಡುಗಳಲ್ಲಿ ಹಿರಿಯ ಸತೀರ್ಥನು ಅನುಸರಿಸತಕ್ಕ ಕ್ರಮವು ಸರಳವಾದದ್ದು. ಹೊರಡುವ ಮುಂಚಿನ ಮೊದಲ ಮಾತುಕತೆಯಲ್ಲಿಯೇ, ತಪ್ಪು ಕಂಡರೆ ತಡೆಯಬೇಕೆಂದು ಕಿರಿಯನನ್ನು ಅವನು ಕೇಳಿಕೊಳ್ಳುತ್ತಾನೆ. ಇಳಿದ ಮೇಲೆ, ಏನು ಚೆನ್ನಾಗಿ ಆಯಿತು, ಏನು ಆಗಲಿಲ್ಲವೆಂಬುದನ್ನು ಮೊದಲು ತನ್ನ ಕೆಲಸದಿಂದಲೇ ಆರಂಭಿಸಿ ಹೇಳುತ್ತಾನೆ. ಹಿರಿಯನು ತನ್ನ ತಪ್ಪನ್ನು ತಾನೇ ಎತ್ತಿದ ಮೇಲೆ ಕಿರಿಯನಿಗೆ ತನ್ನದನ್ನು ಎತ್ತಲು ಸಂಕೋಚವಾಗುವುದಿಲ್ಲ. ಉತ್ತರವನ್ನು ಕೊಡುವುದಕ್ಕಿಂತ ಪ್ರಶ್ನೆಯನ್ನು ಕೇಳುವುದೇ ಹೆಚ್ಚು. ಈ ವಿದ್ಯೆಯು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯತಕ್ಕದ್ದೂ ಅಲ್ಲ. ಹೊಸ ಗಣಕಯಂತ್ರಗಳ ವಿಷಯದಲ್ಲಿ ಕಿರಿಯನೇ ಹಿರಿಯನಿಗೆ ಹೇಳಿಕೊಡುವ ಸಂದರ್ಭಗಳು ಅನೇಕವಾಗಿವೆ.

೬. ಆಕ್ಷೇಪಗಳೂ ಸಮಾಧಾನಗಳೂ

ಇಲ್ಲಿ ಪೂರ್ವಪಕ್ಷವು ಮೂರು ವಿಧವಾಗಿ ಏಳಬಹುದು. ಸಮಾನರೇ ಸಮಾನರಿಗೆ ಕಲಿಸಿದರೆ ಅದು ಅಂಧಪರಂಪರಾನ್ಯಾಯವಾಗಲಾರದೇ? ಒಬ್ಬನು ಕಂಡುಕೊಂಡ ಅಡ್ಡದಾರಿಯು ಮತ್ತೊಬ್ಬನಿಗೆ ಹಬ್ಬಿ, ಕೊನೆಗೆ ಎಲ್ಲರೂ ಅದನ್ನೇ ಹೆದ್ದಾರಿಯೆಂದು ತಿಳಿಯುವ ಅಪಾಯವಿಲ್ಲವೇ? ಈ ಆಕ್ಷೇಪವು ಬಲವಾದದ್ದೇ. ಅದಕ್ಕೆ ಸಮಾಧಾನವಾಗಿ, ಸತೀರ್ಥಬೋಧೆಯು ಶಾಸ್ತ್ರದ ಸ್ಥಾನವನ್ನು ಆಕ್ರಮಿಸಕೂಡದೆಂದು ಹೇಳತಕ್ಕದ್ದು. ಲಿಖಿತವಾದ ಕಾರ್ಯವಿಧಾನವೂ ನಿಯತವಾದ ಪರೀಕ್ಷೆಯೂ ತಮ್ಮ ತಮ್ಮ ಸ್ಥಾನಗಳಲ್ಲಿ ಇದ್ದೇ ಇರುತ್ತವೆ. ಶ್ರುತಿಯಿದ್ದಲ್ಲಿ ಸ್ಮೃತಿಯು ಅದಕ್ಕೆ ವಿರೋಧವಾಗಿ ಪ್ರಮಾಣವಾಗದಂತೆ, ಹಿರಿಯನ ಅನುಭವವು ಕಾರ್ಯವಿಧಾನಕ್ಕೆ ವಿರುದ್ಧವಾದಲ್ಲಿ ಗ್ರಾಹ್ಯವಲ್ಲ. ಅದರ ವ್ಯಾಖ್ಯಾನವಾಗಿ ಮಾತ್ರ ಗ್ರಾಹ್ಯ.

ಎರಡನೆಯದಾಗಿ, ಗೋಪ್ಯವಾದ ಮಾತುಕತೆಯಿಂದ ಅಪಾಯಕಾರಿಯಾದವನು ರಕ್ಷಿಸಲ್ಪಡುವನೆಂದು ಹೇಳಬಹುದು. ಯೂರೋಪಿನ ವ್ಯವಸ್ಥೆಯು ಇದನ್ನು ಮುಂಗಂಡು ಗೋಪ್ಯತೆಗೆ ಎಲ್ಲೆಯನ್ನು ಗೊತ್ತುಮಾಡಿದೆ. ಇತರರ ಪ್ರಾಣಕ್ಕೆ ಗುರುತರವಾದ ಅಪಾಯವಿರುವಲ್ಲಿ ಗೋಪ್ಯತೆಯು ನಿಲ್ಲುವುದಿಲ್ಲ. ಅಲ್ಲದೆ ಗೋಪ್ಯತೆಯಿಲ್ಲದ ಕಾಲದಲ್ಲಿ ಅಪಾಯಕಾರಿಯಾದವನು ಪ್ರಕಟವಾಗಿ ಇದ್ದನೆಂದೇನೂ ಅಲ್ಲ. ಅವನು ಯಾರಿಗೂ ಹೇಳದೆ ಒಬ್ಬನೇ ಇದ್ದನು.

ಮೂರನೆಯದಾಗಿ, ಸಮತೆಯಿಂದ ಆಜ್ಞಾಶಕ್ತಿಯು ಕುಗ್ಗುವುದೆಂಬ ಭಯ. ಇದಕ್ಕೆ ಸೂ ಸಿಟಿಯ ವೃತ್ತಾಂತವೇ ಉತ್ತರ. ಹೇನ್ಸ್ ಅವರು ಎಲ್ಲರ ಮಾತನ್ನೂ ಕೇಳಿದುದರಿಂದ ಅವರ ಅಧಿಕಾರವು ಹೋಗಲಿಲ್ಲ. ಕೇಳಿದುದರಿಂದಲೇ ಆಜ್ಞಾಪಿಸುವುದಕ್ಕೆ ಅವರಿಗೆ ಏನಾದರೂ ಉಳಿಯಿತು.

೭. ಉಪಸಂಹಾರ

ಕಾಯಿದೆಯಿಂದ ಸ್ನೇಹವನ್ನು ಹುಟ್ಟಿಸುವುದು ಅಸಾಧ್ಯ. ಆದರೆ ಸ್ನೇಹವು ಮಾತಾಗುವುದಕ್ಕೆ ಬೇಕಾದ ಹೊತ್ತನ್ನೂ ಸ್ಥಳವನ್ನೂ ಅಭಯವನ್ನೂ ಕಾಯಿದೆಯು ಕೊಡಬಲ್ಲದು. ವಿಮಾನಚಾಲಕರ ವೃತ್ತಿಯು ಅರ್ಧ ಶತಮಾನದಲ್ಲಿ ಕಲಿತ ಪಾಠದ ಸಾರವು ಇದೇ. ಅಧ್ಯಾಪಕನೇ ಪರೀಕ್ಷಕನೂ ಆಗಿರುವ ಶಾಲೆಗಳಲ್ಲಿ ವಿದ್ಯಾರ್ಥಿಯು ತನಗೆ ತಿಳಿಯದುದನ್ನು ಯಾರೆದುರು ಹೇಳಬಲ್ಲನೆಂಬ ಪ್ರಶ್ನೆಯು ಈ ವಿಚಾರದಿಂದ ತಾನಾಗಿಯೇ ಏಳುತ್ತದೆ. ಜೊತೆಗಾರರಿಂದ ಬರಬೇಕಾದ ಕಾಲುಭಾಗವನ್ನು ಪ್ರಾಚೀನರು ಗುರುವಿನ ಭಾಗದಷ್ಟೇ ಅಳತೆಯಲ್ಲಿ ಇಟ್ಟರು. ಅದು ಬಾರದೆ ಹೋದಲ್ಲಿ ಉಳಿದ ಮುಕ್ಕಾಲು ಎಷ್ಟೇ ಸಮೃದ್ಧವಾಗಿದ್ದರೂ ಸಾಲದೆಂಬುದಕ್ಕೆ, ಬಜಪೆಯ ಗುಡ್ಡದ ಮೇಲೆ ಮೂರು ಸಲ ಉಚ್ಚರಿತವಾಗಿ ಮೂರು ಸಲವೂ ವ್ಯರ್ಥವಾದ ಒಂದು ಸರಿಯಾದ ಮಾತು ಸಾಕ್ಷಿಯಾಗಿದೆ.